ಮೊಲೊಗಾ ಸೀಮೆ: ನೀರಿಗೆ ಮೊದಲೇ ಕಡತಗಳಲ್ಲಿ ಕರಗಿದ ತಾಲ್ಲೂಕು

ಪ್ರಶ್ನೆ: ರಷ್ಯಾದ ವೋಲ್ಗಾ ನದಿಗೆ ಕಟ್ಟಿದ ರಿಬಿನ್ಸ್ಕ್ ಜಲಾಶಯದಲ್ಲಿ ಮೊಲೊಗಾ ಎಂಬ ಪಟ್ಟಣವೂ ಅದಕ್ಕೆ ಸೇರಿದ ಗ್ರಾಮೀಣ ಆಡಳಿತ ವಿಭಾಗವೂ ಮುಳುಗಿದವೆಂದು ಓದಿದೆ. ಆ ವಿಭಾಗ ಹುಟ್ಟಿದ್ದು ಯಾವಾಗ? ಅದರ ಹಳ್ಳಿಗಳ ಆಡಳಿತ ಯಾರ ಕೈಯಲ್ಲಿತ್ತು? ಅದು ಇಲ್ಲವಾದದ್ದು ಅಣೆಕಟ್ಟಿನಿಂದಲೇ? ಊರು ಬಿಡಲೊಪ್ಪದ 294 ಮಂದಿ ತಮ್ಮನ್ನು ಸರಪಳಿಯಲ್ಲಿ ಬಿಗಿದುಕೊಂಡು ನೀರುಪಾಲಾದರೆಂಬ ಮಾತು ನಿಜವೇ? ಈಗ ಅಲ್ಲಿ ಉಳಿದಿರುವುದೇನು?

ಉತ್ತರ: ತಾವು ಕೇಳಿರುವ ಐದು ಪ್ರಶ್ನೆಗಳಲ್ಲಿ ಮೂರನೆಯದರ ಮೇಲೆ ಉಳಿದೆಲ್ಲವೂ ನಿಂತಿರುವುದರಿಂದ ಅದರ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮೊಲೊಗಾ ಪಟ್ಟಣವನ್ನೂ ಅದರ ಸುತ್ತಲಿನ ನೂರಾರು ಹಳ್ಳಿಗಳನ್ನೂ ಮುಳುಗಿಸಿದ್ದು ನೀರೇ ಆದರೂ, ಮೊಲೊಗಾ ಎಂಬ ಆಡಳಿತ ವಿಭಾಗವನ್ನು ಇಲ್ಲವಾಗಿಸಿದ್ದು 1920ರ ದಶಕದಲ್ಲಿ ನಡೆದ ಗಡಿಗಳ ಪುನರ್ವಿಂಗಡಣೆ. ರೈತರು ಸಭೆ ಸೇರಿ ತಮ್ಮ ಮಾತನ್ನು ದಾಖಲೆಗೆ ಬರೆಸಲು ಅವಕಾಶವಿದ್ದ ಸಂಸ್ಥೆಗಳು ಆ ದಶಕದ ಕೊನೆಯ ಹೊತ್ತಿಗೆ ಒಂದೊಂದಾಗಿ ರದ್ದಾಗಿದ್ದವು. 1935ರಲ್ಲಿ ಮುಳುಗಡೆಯ ತೀರ್ಮಾನ ಬಂದಾಗ ಆ ಸೀಮೆಯ ಪರವಾಗಿ ಅಧಿಕೃತವಾಗಿ ಬಾಯಿ ತೆರೆಯಬಲ್ಲ ಒಂದು ಮಂಡಲಿಯೂ ಅಲ್ಲಿ ಉಳಿದಿರಲಿಲ್ಲ. ಅಣೆಕಟ್ಟಿನ ಕಥೆಯನ್ನು ಹೇಳುವವರಲ್ಲಿ ಹೆಚ್ಚಿನವರು ಈ ಹಿಂದಿನ ಅಧ್ಯಾಯವನ್ನು ಬಿಟ್ಟೇಬಿಡುತ್ತಾರೆ. ಅದನ್ನು ಬಿಟ್ಟರೆ 1936ರ ಆಜ್ಞೆಯ ನಂತರ ಅಷ್ಟು ದೊಡ್ಡ ಜನಸಮೂಹ ಅಷ್ಟು ಬೇಗ ಎದ್ದುಹೋದದ್ದು ಹೇಗೆಂಬುದು ಅರ್ಥವಾಗುವುದಿಲ್ಲ.

ಮೊಲೊಗಾ ಎಂಬುದು ಮೂಲತಃ ನದಿಯ ಹೆಸರು. ಮಾಸ್ಕೋಗೆ ಉತ್ತರದಲ್ಲಿ, ಈಗಿನ ಯಾರೊಸ್ಲಾವ್ಲ್ ಪ್ರಾಂತ್ಯದ ವಾಯವ್ಯ ಭಾಗದಲ್ಲಿ ಆ ನದಿ ವೋಲ್ಗಾವನ್ನು ಸೇರುತ್ತಿದ್ದ ಸಂಗಮದಲ್ಲಿಯೇ ಪಟ್ಟಣ ಬೆಳೆಯಿತು. ಕೀವ್‌ನ ದೊರೆ ಇಜ್ಯಾಸ್ಲಾವ್ ತನ್ನ ಎದುರಾಳಿ ಯೂರಿ ದೊಲ್ಗೊರೂಕಿಯ ಮೇಲೆ ದಂಡೆತ್ತಿ ಬಂದು ವೋಲ್ಗಾ ದಂಡೆಯ ಊರುಗಳನ್ನು ಸುಟ್ಟ ಸಂದರ್ಭದಲ್ಲಿ, 1149ರಲ್ಲಿ, ಈ ಹೆಸರು ರಷ್ಯನ್ ವೃತ್ತಾಂತಗಳಲ್ಲಿ ಮೊದಲ ಬಾರಿಗೆ ಕಾಣಿಸುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ಯಾರೊಸ್ಲಾವ್ಲ್ ಅರಸುಮನೆತನದ ಕವಲೊಂದು ಇಲ್ಲಿ ಚಿಕ್ಕ ಸಂಸ್ಥಾನ ಕಟ್ಟಿಕೊಂಡಿತ್ತು. ಮುಂದೆ ಅದನ್ನು ಮಾಸ್ಕೋ ನುಂಗಿಹಾಕಿತು. ಹದಿನಾರನೆಯ ಶತಮಾನದ ಆದಿಯಲ್ಲಿ ಎರಡು ಬಾರಿ ರಷ್ಯಾಕ್ಕೆ ಬಂದುಹೋದ ಆಸ್ಟ್ರಿಯಾದ ರಾಯಭಾರಿ ಹೆರ್ಬರ್‌ಸ್ಟೈನ್ ಈ ಸಂಗಮದ ಬಳಿಯ ಖೊಲೋಪಿ ಗೊರೊದೋಕ್ ಎಂಬಲ್ಲಿ ನಡೆಯುತ್ತಿದ್ದ ಜಾತ್ರೆಯನ್ನು ಮಾಸ್ಕೋ ರಾಜ್ಯದಲ್ಲೇ ಅತ್ಯಂತ ಜನನಿಬಿಡವಾದುದೆಂದು ಬಣ್ಣಿಸಿದ್ದಾನೆ. ಅಲ್ಲಿ ಹಣದ ಚಲಾವಣೆ ಕಡಿಮೆಯಾಗಿದ್ದು, ಬಟ್ಟೆ, ಸೂಜಿ, ಚಾಕು, ಕೊಡಲಿಗಳನ್ನು ಕೊಟ್ಟು ತುಪ್ಪುಳದ ತೊಗಲುಗಳನ್ನು ಪಡೆಯುವ ವಿನಿಮಯವೇ ಮುಖ್ಯವಾಗಿತ್ತೆಂದೂ ಅವನು ಬರೆದಿದ್ದಾನೆ.

ತಾವು ಕೇಳಿದ ಆಡಳಿತ ವಿಭಾಗದ ಹುಟ್ಟು ಇದಕ್ಕಿಂತ ತೀರ ಈಚಿನದು. ಪುಗಚೋವ್ ಎಂಬವನ ನೇತೃತ್ವದ ರೈತ ದಂಗೆಯಿಂದ ಬೆದರಿದ್ದ ಸಾಮ್ರಾಜ್ಞಿ ಎರಡನೆಯ ಕ್ಯಾಥರೀನ್ 1775ರ ನವೆಂಬರ್ 7ರಂದು ಪ್ರಾಂತ್ಯಾಡಳಿತದ ಕಾನೂನನ್ನು ಹೊರಡಿಸಿ, ತೆರಿಗೆ ಲೆಕ್ಕದ ಮೂರರಿಂದ ನಾಲ್ಕು ಲಕ್ಷ ಗಂಡಾಳುಗಳಿಗೆ ಒಂದು ಗುಬೆರ್ನಿಯಾ, ಇಪ್ಪತ್ತರಿಂದ ಮೂವತ್ತು ಸಾವಿರ ಗಂಡಾಳುಗಳಿಗೆ ಒಂದು ಉಯೆಜ್ದ್ ಎಂಬ ಅಳತೆಯನ್ನು ಗೊತ್ತುಮಾಡಿದಳು. ಗುಬೆರ್ನಿಯಾವನ್ನು ನಮ್ಮ ಜಿಲ್ಲೆಯಂತೆ, ಉಯೆಜ್ದನ್ನು ತಾಲ್ಲೂಕಿನಂತೆ, ಅದರ ಕೆಳಗಿನ ವೊಲೊಸ್ತನ್ನು ಹೋಬಳಿಯಂತೆ ಊಹಿಸಿಕೊಂಡರೆ ಮುಂದಿನದನ್ನು ಓದಲು ಸುಲಭವಾಗುತ್ತದೆ, ಆದರೆ ಹೋಲಿಕೆಯನ್ನು ಅದಕ್ಕಿಂತ ಮುಂದಕ್ಕೆ ಎಳೆಯಬಾರದು. ಪ್ರತಿ ಉಯೆಜ್ದಿಗೂ ಒಂದು ಕೇಂದ್ರ ಪಟ್ಟಣ ಬೇಕಾಗಿದ್ದ ಕಾರಣ, ಅದುವರೆಗೆ ವರ್ತಕರ ನೆಲೆಯಷ್ಟೇ ಆಗಿದ್ದ ಮೊಲೊಗಾಕ್ಕೆ 1777ರಲ್ಲಿ ಪಟ್ಟಣದ ಸ್ಥಾನ ದೊರೆಯಿತು. ಮೊಲೊಗಾ ಉಯೆಜ್ದ್ ಹುಟ್ಟಿದ್ದೂ ಆ ವರ್ಷವೇ. ಪಶ್ಚಿಮದಲ್ಲಿ ತ್ವೇರ್, ಉತ್ತರದಲ್ಲಿ ನೊವ್ಗೊರೊದ್ ಗುಬೆರ್ನಿಯಾಗಳ ಗಡಿಯನ್ನು ಮುಟ್ಟುತ್ತಿದ್ದ ಈ ವಿಭಾಗದಲ್ಲಿ 1897ರ ಜನಗಣತಿಯ ಹೊತ್ತಿಗೆ ಸುಮಾರು 1.17 ಲಕ್ಷ ಜನರಿದ್ದರು; ಅವರಲ್ಲಿ ಪಟ್ಟಣವಾಸಿಗಳು 4,000ಕ್ಕಿಂತ ತುಸು ಹೆಚ್ಚು ಮಾತ್ರ. ಹೆಸರು ಪಟ್ಟಣದ್ದಾದರೂ ವಿಭಾಗವು ಪೂರ್ತಿಯಾಗಿ ಹಳ್ಳಿಗಳದ್ದಾಗಿತ್ತು.

ಆ ಹಳ್ಳಿಗಳು ಬದುಕಿದ್ದು ನೀರಿನಿಂದ ಮತ್ತು ಹುಲ್ಲಿನಿಂದ. ಮೊಲೊಗಾ ಮತ್ತು ಶೆಕ್ಸ್ನಾ ನದಿಗಳ ನಡುವಣ ತಗ್ಗು ಬಯಲಿನ ಮೇಲೆ ವಸಂತದಲ್ಲಿ ಹಿಮ ಕರಗಿದಾಗ ನೆರೆ ಹರಡಿ, ಇಳಿದುಹೋಗುವಾಗ ಗೋಡುಮಣ್ಣನ್ನು ಬಿಟ್ಟುಹೋಗುತ್ತಿತ್ತು. ಆ ಮಣ್ಣಿನಲ್ಲಿ ಸೊಂಪಾಗಿ ಬೆಳೆಯುತ್ತಿದ್ದ ಹುಲ್ಲು ಮಧ್ಯ ರಷ್ಯಾದಲ್ಲೆಲ್ಲ ಹೆಸರಾಗಿತ್ತು. ಹೈನುಗಾರಿಕೆ ಅದರ ಬೆನ್ನಿಗೇ ಬೆಳೆಯಿತು. ಇನ್ನು ನೀರಿನ ದಾರಿ. ವೋಲ್ಗಾವನ್ನು ಸೇಂಟ್ ಪೀಟರ್ಸ್‌ಬರ್ಗಿಗೆ ಕೂಡಿಸಲು ಮೂರು ಕಾಲುವೆ ಮಾರ್ಗಗಳಿದ್ದವು. ಅವುಗಳಲ್ಲಿ 1811ರಲ್ಲಿ ತೆರೆದ ತಿಖ್ವಿನ್ ಮಾರ್ಗ ಮೊಲೊಗಾ ನದಿಯನ್ನೇ ಹಿಡಿದು ಮೇಲೆ ಹೋಗುತ್ತಿತ್ತು. ವೋಲ್ಗಾದಲ್ಲಿ ಬಂದ ದೊಡ್ಡ ದೋಣಿಗಳ ಸರಕನ್ನು ಮೊಲೊಗಾದ ದಂಡೆಯಲ್ಲಿ ಇಳಿಸಿ, ಕಿರಿದಾದ ಕಾಲುವೆಗಳಲ್ಲಿ ಸಾಗಬಲ್ಲ ಹಗುರವಾದ ದೋಣಿಗಳಿಗೆ ತುಂಬಬೇಕಾಗಿತ್ತು. ಕೂಲಿ, ದೋಣಿ ಎಳೆಯುವ ಕೆಲಸ, ಹಗ್ಗ, ಕುದುರೆ, ವಸತಿ, ಊಟ ಹೀಗೆ ಈ ವಹಿವಾಟಿನ ಸುತ್ತ ಪಟ್ಟಣದ ಬದುಕು ಹೆಣೆದುಕೊಂಡಿತು. ರೈಲು ಬಂದ ಮೇಲೆ ಈ ಮಾರ್ಗ ಸೊರಗಿತು, ಮೊಲೊಗಾ ರೈಲುದಾರಿಯಿಂದ ದೂರವೇ ಉಳಿಯಿತು.

ಪಟ್ಟಣದ ಕುರಿತು ಒಂದು ವಿವರವನ್ನು ಇಲ್ಲಿಯೇ ಸೇರಿಸುತ್ತೇನೆ, ಏಕೆಂದರೆ ಮುಂದೆ ಅದನ್ನು ಹೇಳಲು ಜಾಗ ಸಿಗುವುದಿಲ್ಲ. 1864ರಲ್ಲಿ ದೊಡ್ಡ ಬೆಂಕಿ ಬಿದ್ದು ಮರದ ಮನೆಗಳ ಈ ಊರು ಬಹುಪಾಲು ಸುಟ್ಟುಹೋಯಿತು. ಮತ್ತೆ ಕಟ್ಟುವಾಗ ಬೆಂಕಿಯ ಮೇಲೆ ಕಣ್ಣಿಡಲು ಎತ್ತರದ ಗೋಪುರವುಳ್ಳ ಅಗ್ನಿಶಾಮಕ ಠಾಣೆಯೊಂದನ್ನು 1870ರಲ್ಲಿ ನಿರ್ಮಿಸಲಾಯಿತು. ಅದರ ನಕ್ಷೆಯನ್ನು ತಯಾರಿಸಿದವನು ಯಾರೊಸ್ಲಾವ್ಲ್ ಗುಬೆರ್ನಿಯಾದ ವಾಸ್ತುಶಿಲ್ಪಿಯಾಗಿದ್ದ ಆಂದ್ರೇಯ್ ದೊಸ್ತೊಯೆವ್ಸ್ಕಿ, ಕಾದಂಬರಿಕಾರ ಫ್ಯೋದರ್ ದೊಸ್ತೊಯೆವ್ಸ್ಕಿಯ ತಮ್ಮ. ಮೊಲೊಗಾದ ಹಳೆಯ ಛಾಯಾಚಿತ್ರಗಳಲ್ಲಿ ಚರ್ಚುಗಳ ಗುಮ್ಮಟಗಳ ಜೊತೆಗೆ ಕಣ್ಣಿಗೆ ಬೀಳುವ ಆ ಗೋಪುರ ಅದೇ.

ಹಳ್ಳಿಗಳ ಆಡಳಿತ ಯಾರ ಕೈಯಲ್ಲಿತ್ತೆಂಬ ಪ್ರಶ್ನೆಗೆ 1861ಕ್ಕೆ ಮುಂಚಿನ ಉತ್ತರ ಚಿಕ್ಕದು. ಜಮೀನ್ದಾರನ ಜೀತದಾಳುಗಳಾಗಿದ್ದವರಿಗೆ ಜಮೀನ್ದಾರನೇ ನ್ಯಾಯ, ಅವನೇ ಪೊಲೀಸು, ತೆರಿಗೆಗೂ ಅವನೇ ಹೊಣೆ. ಈ ಸೀಮೆಯ ಜಮೀನ್ದಾರರಲ್ಲಿ ಅತ್ಯಂತ ಹೆಸರಾದವರು ಮೂಸಿನ್-ಪೂಷ್ಕಿನ್ ಮನೆತನದವರು. ಹಳೆಯ ಹಸ್ತಪ್ರತಿಗಳ ಸಂಗ್ರಾಹಕನಾಗಿ ಖ್ಯಾತನಾದ ಕೌಂಟ್ ಅಲೆಕ್ಸೇಯ್ ಮೂಸಿನ್-ಪೂಷ್ಕಿನ್ 1817ರಲ್ಲಿ ತೀರಿಕೊಂಡಾಗ ಅವನನ್ನು ಮಣ್ಣುಮಾಡಿದ್ದು ಮೊಲೊಗಾ ಉಯೆಜ್ದಿನ ಇಲೊವ್ನಾ ಎಂಬ ಅವನ ಎಸ್ಟೇಟಿನಲ್ಲಿ. ಇಲೊವ್ನಾ ಈಗ ಜಲಾಶಯದ ತಳದಲ್ಲಿದೆ. ರಾಜ್ಯಕ್ಕೆ ಸೇರಿದ ರೈತರ ಸ್ಥಿತಿ ತುಸು ಭಿನ್ನವಾಗಿತ್ತು. ಅವರಿಗೆ ಸಚಿವ ಕಿಸೆಲ್ಯೋವ್ 1830ರ ದಶಕದ ಕೊನೆಯಲ್ಲಿ ವೊಲೊಸ್ತ್ ಮಟ್ಟದ ಸ್ವಯಂ ಆಡಳಿತವನ್ನು ರೂಪಿಸಿಕೊಟ್ಟಿದ್ದನು.

1861ರ ಫೆಬ್ರವರಿ 19ರಂದು ಜೀತ ರದ್ದಾದಾಗ ಜಮೀನ್ದಾರನ ಜಾಗಕ್ಕೆ ಯಾರನ್ನು ಕೂರಿಸುವುದೆಂಬ ಪ್ರಶ್ನೆ ಸರ್ಕಾರದ ಮುಂದೆ ಬಂತು, ಮತ್ತು ಅದಕ್ಕೆ ಕಿಸೆಲ್ಯೋವ್‌ನ ಮಾದರಿಯನ್ನೇ ದೇಶದಾದ್ಯಂತ ವಿಸ್ತರಿಸಲಾಯಿತು. ಒಂದು ಅಥವಾ ಕೆಲವು ಹಳ್ಳಿಗಳ ರೈತರು ಸೇರಿ ಗ್ರಾಮ ಸಮಾಜ. ಅದಕ್ಕೆ ಸ್ತಾರಸ್ತಾ ಎಂಬ ಮುಖಂಡ. ಅಂಥ ಹಲವು ಸಮಾಜಗಳು ಸೇರಿ 300ರಿಂದ 2,000 ಗಂಡಾಳುಗಳ ವೊಲೊಸ್ತ್. ಅದಕ್ಕೆ ಮೂರು ವರ್ಷಕ್ಕೊಮ್ಮೆ ಆರಿಸಿದ ಸ್ತಾರ್ಶಿನಾ. ಹತ್ತು ಮನೆಗೊಬ್ಬ ಪ್ರತಿನಿಧಿಯಂತೆ ವೊಲೊಸ್ತ್ ಸಭೆ ಸೇರುತ್ತಿತ್ತು. ರೈತರೇ ನ್ಯಾಯಾಧೀಶರಾಗಿ ಕೂರುತ್ತಿದ್ದ ವೊಲೊಸ್ತ್ ನ್ಯಾಯಾಲಯವು 100 ರೂಬಲ್‌ವರೆಗಿನ ವ್ಯಾಜ್ಯಗಳನ್ನು ಸ್ಥಳೀಯ ರೂಢಿಯ ಪ್ರಕಾರ ತೀರ್ಮಾನಿಸಬಹುದಾಗಿತ್ತು. 3 ರೂಬಲ್ ದಂಡ, 7 ದಿನಗಳ ಬಂಧನ, 20 ಛಡಿಯೇಟು ಇವು ಅದು ವಿಧಿಸಬಹುದಾದ ಶಿಕ್ಷೆಗಳ ಮೇಲ್ಮಿತಿ. ಛಡಿಯೇಟಿನ ಶಿಕ್ಷೆ 1904ರವರೆಗೂ ಉಳಿದಿತ್ತೆಂಬುದನ್ನು ಮರೆಯಬಾರದು. ಸ್ತಾರ್ಶಿನಾ ತನ್ನ ಅಧಿಕಾರದ ಗುರುತಾಗಿ ಕೊರಳ ಸರಪಣಿಯಲ್ಲಿ ಕಂಚಿನ ಬಿಲ್ಲೆಯನ್ನು ಧರಿಸುತ್ತಿದ್ದನು; ಅದರ ಒಂದು ಮಗ್ಗುಲಲ್ಲಿ ಗುಬೆರ್ನಿಯಾದ ಲಾಂಛನವಿದ್ದರೆ ಇನ್ನೊಂದರಲ್ಲಿ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನ ಹೆಸರಿನ ಚಿಹ್ನೆಯೂ ಜೀತ ರದ್ದಾದ ದಿನಾಂಕವೂ ಇರುತ್ತಿದ್ದವು.

ಈ ವ್ಯವಸ್ಥೆಯನ್ನು ಹಳ್ಳಿಯ ಪ್ರಜಾಪ್ರಭುತ್ವವೆಂದು ಹಾಡಿಹೊಗಳುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ವೊಲೊಸ್ತ್ ರೈತರದ್ದು ಮಾತ್ರವಾಗಿತ್ತು: ಅದರ ಗಡಿಯೊಳಗೇ ವಾಸವಿದ್ದ ಜಮೀನ್ದಾರ, ಪಾದ್ರಿ, ವರ್ತಕ ಇವರಾರೂ ಅದರ ಕಟ್ಟುಪಾಡಿಗೆ ಒಳಪಡುತ್ತಿರಲಿಲ್ಲ, ಅದರ ಖರ್ಚಿಗೆ ಕಾಸು ಕೊಡುತ್ತಲೂ ಇರಲಿಲ್ಲ. ಸ್ತಾರ್ಶಿನಾ ಬಹಳಷ್ಟು ಕಡೆ ಓದುಬರಹ ಬಾರದವನಾಗಿದ್ದು, ಕಾಗದಪತ್ರವೆಲ್ಲ ಸಂಬಳದ ಗುಮಾಸ್ತನ ಕೈಯಲ್ಲಿರುತ್ತಿತ್ತು. 1889ರಲ್ಲಿ ಶ್ರೀಮಂತ ವರ್ಗದಿಂದಲೇ ನೇಮಕವಾಗುವ ಜೆಮ್ಸ್ಕಿ ನಚಾಲ್ನಿಕ್ ಎಂಬ ಅಧಿಕಾರಿಯನ್ನು ತಂದು, ವೊಲೊಸ್ತ್ ಸಭೆಯ ನಿರ್ಣಯಗಳನ್ನು ತಡೆಹಿಡಿಯುವ ಅಧಿಕಾರವನ್ನು ಅವನಿಗೆ ಕೊಡಲಾಯಿತು. ಇಷ್ಟಿದ್ದೂ ವೊಲೊಸ್ತಿನಲ್ಲಿ ಎರಡು ಗುಣಗಳಿದ್ದವು. ರೈತರು ವರ್ಷಕ್ಕೆ ಕೆಲವು ಬಾರಿ ಕಾನೂನುಬದ್ಧವಾಗಿ ಸಭೆ ಸೇರುತ್ತಿದ್ದರು, ಮತ್ತು ಸಭೆ ಆಡಿದ್ದು ನಿರ್ಣಯದ ರೂಪದಲ್ಲಿ ಬರವಣಿಗೆಗೆ ಇಳಿಯುತ್ತಿತ್ತು. ಆ ನಿರ್ಣಯಗಳು ಸುಂಕದ ಬಾಕಿ, ಸೇತುವೆ ದುರಸ್ತಿ, ಅನಾಥರ ಆಸ್ತಿ ಮೊದಲಾದ ಸಣ್ಣ ಸಂಗತಿಗಳ ಕುರಿತಾದವೇ ಆಗಿದ್ದರೂ, ಒಂದು ಸೀಮೆ ತನ್ನ ಬಗ್ಗೆ ತಾನೇ ಬರೆದುಕೊಂಡ ದಾಖಲೆಗಳೆಂದರೆ ಅವೇ.

ಯಾರೊಸ್ಲಾವ್ಲ್ ಕಡೆಯ ರೈತರಿಗೆ ವೊಲೊಸ್ತ್ ಕಚೇರಿಯೊಡನೆ ಇನ್ನೊಂದು ನಂಟೂ ಇತ್ತು. ಬೇಸಾಯದ ಕಾಲ ಚಿಕ್ಕದಾದ ಆ ಪ್ರದೇಶದಲ್ಲಿ ಗಂಡಸರು ದುಡಿಮೆಗೆಂದು ಹೊರಗೆ ಹೋಗುವುದು ವಾಡಿಕೆಯಾಗಿತ್ತು. ಪೀಟರ್ಸ್‌ಬರ್ಗಿನ ಹೋಟೆಲುಗಳ ಮಾಣಿಗಳು, ಅಂಗಡಿಗಳ ನೌಕರರು, ಗಾರೆ ಕೆಲಸದವರು, ತರಕಾರಿ ತೋಟದವರು ಎಂದರೆ ಯಾರೊಸ್ಲಾವ್ಲ್‌ನವರೆಂಬ ಮಾತೇ ಇತ್ತು. ಹೀಗೆ ಹೊರಡಲು ಬೇಕಾದ ಪಾಸ್‌ಪೋರ್ಟನ್ನು ಕೊಡುತ್ತಿದ್ದದ್ದು ವೊಲೊಸ್ತ್ ಕಚೇರಿ. ಸುಂಕದ ಬಾಕಿಯಿದ್ದರೆ ಅದನ್ನು ತಡೆಹಿಡಿಯುವುದೂ ಆ ಕಚೇರಿಯ ಕೈಯಲ್ಲಿಯೇ ಇತ್ತು. ಹೊರಗೆ ಹೋದವರು ಹಣವನ್ನಷ್ಟೇ ಅಲ್ಲದೆ ಅಕ್ಷರವನ್ನೂ ಊರಿಗೆ ತಂದರು. 1897ರ ಜನಗಣತಿಯಲ್ಲಿ ಯಾರೊಸ್ಲಾವ್ಲ್ ಮಧ್ಯ ರಷ್ಯಾದ ಅತಿ ಹೆಚ್ಚು ಅಕ್ಷರಸ್ಥ ಗುಬೆರ್ನಿಯಾಗಳಲ್ಲಿ ಒಂದಾಗಿತ್ತು. ಉಯೆಜ್ದ್ ಮಟ್ಟದಲ್ಲಿ 1864ರ ಕಾನೂನಿನಂತೆ ಬಂದ ಜೆಮ್ಸ್ತ್ವೊ ಎಂಬ ಚುನಾಯಿತ ಮಂಡಲಿಯು ಶಾಲೆ, ಆಸ್ಪತ್ರೆ, ರಸ್ತೆಗಳನ್ನು ನೋಡಿಕೊಳ್ಳುತ್ತಿತ್ತು. ಅದನ್ನು ವೊಲೊಸ್ತ್ ಮಟ್ಟಕ್ಕೂ ಇಳಿಸಬೇಕೆಂಬ ಬೇಡಿಕೆ ದಶಕಗಳ ಕಾಲ ಇದ್ದು, ಕೊನೆಗೆ ತ್ಸಾರ್ ಆಳ್ವಿಕೆ ಉರುಳಿದ ಮೇಲೆ ಬಂದ ತಾತ್ಕಾಲಿಕ ಸರ್ಕಾರ 1917ರ ಮೇ 21ರಂದು ಕಾನೂನು ಮಾಡಿತು. ಎಲ್ಲ ವರ್ಗದವರೂ, ಹೆಂಗಸರೂ ಮತ ಹಾಕಬಹುದಾಗಿದ್ದ ಈ ಸಂಸ್ಥೆ ಕೆಲವೇ ತಿಂಗಳು ಬದುಕಿತು. ರಷ್ಯಾದ ಗ್ರಾಮಾಡಳಿತದ ಚರಿತ್ರೆಯಲ್ಲಿ ನನಗೆ ಅತ್ಯಂತ ವ್ಯಥೆ ತರುವ ಪುಟ ಇದೇ.

ಬೊಲ್ಶೆವಿಕ್ ಕ್ರಾಂತಿಯ ನಂತರ ಮೊದಲ ಕೆಲವು ವರ್ಷ ಉಯೆಜ್ದ್, ವೊಲೊಸ್ತ್ ಎಂಬ ಚೌಕಟ್ಟುಗಳನ್ನು ಹಾಗೆಯೇ ಇಟ್ಟುಕೊಂಡು, ಒಳಗಿನ ಸಂಸ್ಥೆಗಳ ಜಾಗದಲ್ಲಿ ಸೋವಿಯತ್‌ಗಳ ಕಾರ್ಯಕಾರಿ ಸಮಿತಿಗಳನ್ನು ಕೂರಿಸಲಾಯಿತು. 1921ರಲ್ಲಿ ರಿಬಿನ್ಸ್ಕ್ ಪಟ್ಟಣವನ್ನೇ ಕೇಂದ್ರವಾಗಿಟ್ಟು ಹೊಸ ಗುಬೆರ್ನಿಯಾವೊಂದನ್ನು ಮಾಡಿ ಮೊಲೊಗಾವನ್ನು ಅದಕ್ಕೆ ಸೇರಿಸಿದರು. ಎರಡೇ ವರ್ಷಗಳಲ್ಲಿ, 1923ರಲ್ಲಿ, ಆ ಗುಬೆರ್ನಿಯಾವನ್ನೇ ರದ್ದುಮಾಡಿ ಎಲ್ಲವನ್ನೂ ಯಾರೊಸ್ಲಾವ್ಲ್‌ಗೆ ಮರಳಿಸಿದರು. ಅದೇ ಸುಮಾರಿಗೆ ಖರ್ಚು ತಗ್ಗಿಸುವ ನೆಪದಲ್ಲಿ ವೊಲೊಸ್ತ್‌ಗಳನ್ನು ಒಂದಕ್ಕೊಂದು ಕೂಡಿಸಿ ದೊಡ್ಡದಾಗಿಸಿದರು. ರೈತನಿಗೆ ನಡೆದು ಹೋಗುವಷ್ಟು ಹತ್ತಿರವಿದ್ದ ಕಚೇರಿ ಹೀಗೆ ದೂರ ಸರಿಯಿತು. 1929ರಲ್ಲಿ ಗುಬೆರ್ನಿಯಾ, ಉಯೆಜ್ದ್, ವೊಲೊಸ್ತ್ ಎಂಬ ಮೂರು ಹೆಸರುಗಳನ್ನೂ ಅಳಿಸಿಹಾಕಿ, ಯಾರೊಸ್ಲಾವ್ಲ್ ಪ್ರದೇಶವನ್ನೆಲ್ಲ ಇವಾನೊವೊ ಕೈಗಾರಿಕಾ ಪ್ರಾಂತ್ಯಕ್ಕೆ ಸೇರಿಸಿ, ಅದರ ಕೆಳಗೆ ರಾಯೋನ್ ಎಂಬ ಹೊಸ ವಿಭಾಗಗಳನ್ನು ರಚಿಸಲಾಯಿತು. ಹಳೆಯ ಉಯೆಜ್ದಿನ ನೆಲ ಹಲವು ರಾಯೋನ್‌ಗಳಿಗೆ ಹಂಚಿಹೋಯಿತು: ಮೊಲೊಗಾ ಪಟ್ಟಣದ ಆಸುಪಾಸು ಮೊಲೊಗಾ ರಾಯೋನ್ ಆಯಿತು, ಪಶ್ಚಿಮದಲ್ಲಿ ಬ್ರೇಯ್ತೊವೊ, ದಕ್ಷಿಣದಲ್ಲಿ ನೆಕೊವುಜ್ ಮೊದಲಾದವು ಬೇರೆಯಾದವು. ಪ್ರಾಂತ್ಯ ಮತ್ತು ರಾಯೋನ್ ನಡುವೆ ಒಕ್ರುಗ್ ಎಂಬ ಮೆಟ್ಟಿಲೊಂದಿತ್ತು. ಅದೂ 1930ರಲ್ಲಿ ಹೋಯಿತು. 1936ರ ಮಾರ್ಚಿನಲ್ಲಿ ಯಾರೊಸ್ಲಾವ್ಲ್ ಮತ್ತೆ ಪ್ರತ್ಯೇಕ ಪ್ರಾಂತ್ಯವಾಯಿತು. ಹದಿನೈದು ವರ್ಷಗಳಲ್ಲಿ ಒಂದೇ ಹಳ್ಳಿಯ ಮೇಲಧಿಕಾರಿ ಕೂರುವ ಊರು ಮೂರು ನಾಲ್ಕು ಬಾರಿ ಬದಲಾಯಿತೆಂದರೆ, ಅಲ್ಲಿನ ಜನರು ಯಾರಿಗೆ ಅರ್ಜಿ ಬರೆಯಬೇಕಾಗಿತ್ತು ಎಂಬುದನ್ನು ತಾವೇ ಯೋಚಿಸಿ ನೋಡಬಹುದು.

ರಾಯೋನ್ ಎಂಬುದು ವೊಲೊಸ್ತಿನ ದೊಡ್ಡ ರೂಪವೆಂದು ಕೆಲವರು ತಿಳಿಯುತ್ತಾರೆ. ಅವುಗಳ ಕೆಲಸವೇ ಬೇರೆ. ಮೇಲಿನಿಂದ ಬಂದ ಯೋಜನೆಯನ್ನು ಹಳ್ಳಿಗೆ ತಲುಪಿಸಿ, ಧಾನ್ಯ, ಮರ, ಹಾಲುಗಳ ಪಾಲನ್ನು ವಸೂಲುಮಾಡಿ ಮೇಲಕ್ಕೆ ಕಳಿಸುವುದಕ್ಕಾಗಿ ರಾಯೋನನ್ನು ರೂಪಿಸಲಾಗಿತ್ತು, ಮತ್ತು ಅದರ ನಿಜವಾದ ಅಧಿಕಾರ ಕಮ್ಯುನಿಸ್ಟ್ ಪಕ್ಷದ ಸಮಿತಿಯ ಬಳಿಯಿತ್ತು. ಅದು ಹುಟ್ಟಿದ ಮರುವರ್ಷವೇ ರೈತರ ಜಮೀನುಗಳನ್ನು ಒಟ್ಟುಗೂಡಿಸುವ ಸಾಮೂಹೀಕರಣ ಬಂದು, ಹಳೆಯ ಗ್ರಾಮ ಸಮಾಜಗಳೂ ರದ್ದಾದವು. ಅನುಕೂಲಸ್ಥ ರೈತ ಕುಟುಂಬಗಳನ್ನು ಕುಲಾಕರೆಂದು ಗುರುತಿಸಿ ಗಡೀಪಾರು ಮಾಡಲಾಯಿತು. 1932ರ ಡಿಸೆಂಬರಿನಲ್ಲಿ ದೇಶದೊಳಗಿನ ಪಾಸ್‌ಪೋರ್ಟ್ ಪದ್ಧತಿ ಬಂದಾಗ ಸಾಮೂಹಿಕ ಬೇಸಾಯದ ರೈತರನ್ನು ಅದರಿಂದ ಹೊರಗಿಟ್ಟರು. ವೊಲೊಸ್ತ್ ಕಚೇರಿಯಿಂದ ಪಾಸ್‌ಪೋರ್ಟ್ ಪಡೆದು ಪೀಟರ್ಸ್‌ಬರ್ಗಿಗೆ ಹೋಗಿಬಂದವರ ಮೊಮ್ಮಕ್ಕಳಿಗೆ ಊರು ಬಿಡಲು ಅಪ್ಪಣೆ ಸಿಗುವುದೇ ಕಷ್ಟವಾಯಿತು. ಕೆಲವೇ ವರ್ಷಗಳಲ್ಲಿ ಅದೇ ಸರ್ಕಾರ ಅವರಿಗೆ ಊರು ಬಿಡಿರೆಂದು ಆಜ್ಞೆ ಮಾಡಿತು.

ಆ ಆಜ್ಞೆ ಬಂದ ಬಗೆ ಹೀಗಿದೆ. ವೋಲ್ಗಾದ ಮೇಲೆ ವಿದ್ಯುದಾಗಾರ ಕಟ್ಟುವ ತೀರ್ಮಾನ 1932ರಲ್ಲಿ ಆದಾಗ ಅಣೆಕಟ್ಟಿಗೆ ಗೊತ್ತುಮಾಡಿದ್ದ ಸ್ಥಳ ಯಾರೊಸ್ಲಾವ್ಲ್ ಪಟ್ಟಣದ ಬಳಿ. ಅಲ್ಲಿ ಕೆಲಸವೂ ಆರಂಭವಾಗಿತ್ತು. 1935ರ ಸೆಪ್ಟೆಂಬರ್ 14ರಂದು ಸರ್ಕಾರ ಮತ್ತು ಪಕ್ಷದ ಕೇಂದ್ರ ಸಮಿತಿ ಆ ಯೋಜನೆಯನ್ನು ಕೈಬಿಟ್ಟು, ಮೇಲ್ದಂಡೆಯ ಉಗ್ಲಿಚ್ ಮತ್ತು ರಿಬಿನ್ಸ್ಕ್‌ಗಳಲ್ಲಿ ಎರಡು ಅಣೆಕಟ್ಟುಗಳನ್ನು ಕಟ್ಟುವ ನಿರ್ಣಯವನ್ನು ಹೊರಡಿಸಿದವು. ರಿಬಿನ್ಸ್ಕ್‌ನಲ್ಲಿ ನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ 98 ಮೀಟರ್ ಮೇಲೆ ಎಂದು ಮೊದಲಿನ ವಿನ್ಯಾಸದಲ್ಲಿತ್ತು. ಮೊಲೊಗಾ ಪಟ್ಟಣದ ನೆಲ ಸುಮಾರು 98ರಿಂದ 101 ಮೀಟರ್ ಎತ್ತರದಲ್ಲಿದ್ದುದರಿಂದ ಈ ವಿನ್ಯಾಸದಲ್ಲಿ ಪಟ್ಟಣದ ಬಹುಭಾಗ ಉಳಿಯುವ ಸಂಭವವಿತ್ತು. 1937ರ ಆದಿಯಲ್ಲಿ ಮಟ್ಟವನ್ನು 102 ಮೀಟರಿಗೆ ಏರಿಸುವುದು ಖಚಿತವಾಯಿತು. ಹೆಚ್ಚಿನ ವಿದ್ಯುತ್ತು ಮತ್ತು ಹಡಗುಗಳಿಗೆ ಹೆಚ್ಚಿನ ಆಳ ಇದರ ಉದ್ದೇಶ. ಆ ಭೂಮಿ ಅಂಗೈಯಷ್ಟು ಸಮತಟ್ಟಾಗಿದ್ದ ಕಾರಣ ನಾಲ್ಕು ಮೀಟರಿನ ಏರಿಕೆಗೆ ಮುಳುಗಡೆಯ ವಿಸ್ತೀರ್ಣ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಮೊಲೊಗಾದ ಹಣೆಬರಹ ತೀರ್ಮಾನವಾದದ್ದು ಈ ನಾಲ್ಕು ಮೀಟರುಗಳಲ್ಲಿ.

ಪಟ್ಟಣದವರಿಗೆ ಸುದ್ದಿ ಅಧಿಕೃತವಾಗಿ ತಿಳಿದದ್ದು 1936ರ ಶರತ್ಕಾಲದಲ್ಲಿ. ವರ್ಷ ಮುಗಿಯುವುದರೊಳಗೆ ದೊಡ್ಡ ಸಂಖ್ಯೆಯ ಮನೆಗಳನ್ನು ತೆರವು ಮಾಡಬೇಕೆಂಬ ಮೊದಲಿನ ಆಜ್ಞೆ ಚಳಿಗಾಲದಲ್ಲಿ ಸಾಧ್ಯವಿಲ್ಲವೆಂದು ಮನವರಿಕೆಯಾಗಿ ಮರುವಸಂತಕ್ಕೆ ಮುಂದೂಡಲ್ಪಟ್ಟಿತು. ಆಯೋಗದವರು ಮನೆಮನೆಗೆ ಬಂದು, ಯಾವ ಮನೆ ಸಾಗಿಸಲು ಯೋಗ್ಯ, ಯಾವುದು ಹಳತು ಎಂದು ಬೆಲೆ ಕಟ್ಟುತ್ತಿದ್ದರು. ಅಲ್ಲಿನ ಮನೆಗಳೆಲ್ಲ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿ, ಮೂಲೆಗಳಲ್ಲಿ ಕಚ್ಚು ಹಾಕಿ ಕೂರಿಸಿದವು. ಮನೆಯವರು ಪ್ರತಿ ದಿಮ್ಮಿಗೂ ಅಂಕಿ ಬರೆದು, ಛಾವಣಿಯಿಂದ ಆರಂಭಿಸಿ ಸಾಲುಸಾಲಾಗಿ ಬಿಚ್ಚಿ, ದಿಮ್ಮಿಗಳನ್ನೇ ತೆಪ್ಪವಾಗಿ ಬಿಗಿದು, ಅದರ ಮೇಲೆ ಪಾತ್ರೆಪಡಗ, ದನಕರುಗಳೊಡನೆ ವೋಲ್ಗಾದ ಕೆಳಗೆ ರಿಬಿನ್ಸ್ಕ್ ಕಡೆಗೆ ಸಾಗುತ್ತಿದ್ದರು. ತಲುಪಿದ ಮೇಲೆ ನೆನೆದ ದಿಮ್ಮಿಗಳನ್ನು ಒಣಗಿಸಿ, ಅಂಕಿಗಳ ಕ್ರಮದಲ್ಲಿ ಮತ್ತೆ ಜೋಡಿಸಬೇಕಾಗಿತ್ತು. ರಿಬಿನ್ಸ್ಕ್‌ನ ಸ್ಲಿಪ್ ಎಂಬ ಬಡಾವಣೆ ಹೀಗೆ ಬಂದವರಿಂದ ಬೆಳೆಯಿತು. ಮನೆ ಹಳತೆಂದು ತೀರ್ಮಾನವಾದವರಿಗೆ, ವಿಶೇಷವಾಗಿ ಒಂಟಿ ಮುದುಕರಿಗೆ, ಸಿಕ್ಕ ಹಣ ಹೊಸ ಸೂರಿಗೆ ಸಾಲುವಂತಿರಲಿಲ್ಲ. ಸಾಮೂಹಿಕ ಬೇಸಾಯದ ಹಳ್ಳಿಗಳನ್ನು ಇಡಿಯಾಗಿ ಎಬ್ಬಿಸಿ ಬೇರೆ ರಾಯೋನ್‌ಗಳಲ್ಲಿ ನೆಲೆಗೊಳಿಸಲಾಯಿತು. ಮೊಲೊಗಾದ ಹುಲ್ಲುಗಾವಲಿಗೆ ಒಗ್ಗಿದವರು ಎಷ್ಟೋ ಕಡೆ ಕಾಡಂಚಿನ ಬಡ ನೆಲದಲ್ಲಿ ಹೊಸದಾಗಿ ಆರಂಭಿಸಬೇಕಾಯಿತು.

ಒಟ್ಟು ಜಲಾಶಯಕ್ಕಾಗಿ ಎತ್ತಂಗಡಿಯಾದವರು ಸುಮಾರು 1,30,000 ಮಂದಿ, ಮುಳುಗಿದ ಹಳ್ಳಿಗಳು ಸುಮಾರು 700. ಈ ಅಂಕಿಗಳು ಮೊಲೊಗಾ ಒಂದರವಲ್ಲ. ನೆರೆಯ ತ್ವೇರ್ ಮತ್ತು ವೊಲೊಗ್ದಾ ಕಡೆಯ ನೆಲವೂ ಅದರಲ್ಲಿ ಸೇರಿದೆ, ತ್ವೇರ್ ಕಡೆಯ ವೆಸ್ಯೆಗೊನ್ಸ್ಕ್ ಪಟ್ಟಣ ಎತ್ತರದ ನೆಲಕ್ಕೆ ಸರಿಯಬೇಕಾಯಿತು. ಅಣೆಕಟ್ಟಿನ ಕೆಲಸ ಮಾಡಿದವರು ಬಹುಪಾಲು ಕೈದಿಗಳು. 1935ರ ಡಿಸೆಂಬರಿನಲ್ಲಿ ಸ್ಥಾಪನೆಯಾದ ವೋಲ್ಗೊಲಾಗ್ ಎಂಬ ಬಂದೀ ಶಿಬಿರದಲ್ಲಿ 1941ರ ಆದಿಯಲ್ಲಿ 90,000ಕ್ಕಿಂತ ಹೆಚ್ಚು ಜನರಿದ್ದರು. ಯುದ್ಧದ ಹಸಿವಿನ ವರ್ಷವಾದ 1942ರಲ್ಲಿ ಅಲ್ಲಿ ಸತ್ತವರ ಸಂಖ್ಯೆ ಭೀಕರವಾಗಿತ್ತು. ಸ್ಥಳಾಂತರಗೊಂಡ ರೈತರ ನೋವನ್ನು ಬರೆಯುವವರು ಈ ಕೈದಿಗಳನ್ನು ಒಂದು ವಾಕ್ಯದಲ್ಲಿ ಮುಗಿಸುವುದನ್ನು ಕಂಡಿದ್ದೇನೆ. ಅವರಲ್ಲೂ ಎಷ್ಟೋ ಮಂದಿ ಬೇರೆ ಸೀಮೆಗಳಿಂದ ಕಿತ್ತುತಂದ ರೈತರೇ ಆಗಿದ್ದರು.

ಅಣೆಕಟ್ಟಿನ ಕೊನೆಯ ಬಾಗಿಲುಗಳನ್ನು 1941ರ ಏಪ್ರಿಲ್ 13ರಂದು ಮುಚ್ಚಲಾಯಿತು. ಮೊಲೊಗಾ ರಾಯೋನ್ ಅದಕ್ಕೂ ಮೊದಲೇ ಕಾನೂನಿನ ಪ್ರಕಾರ ರದ್ದಾಗಿ, ಮುಳುಗದೆ ಉಳಿಯಲಿದ್ದ ಅದರ ಅಂಚುಗಳು ನೆರೆಯ ರಾಯೋನ್‌ಗಳಿಗೆ ಹಂಚಿಹೋಗಿದ್ದವು. ಎರಡು ತಿಂಗಳಲ್ಲಿ ಯುದ್ಧ ಬಂತು. ಕಡಿಯಬೇಕಾಗಿದ್ದ ಕಾಡಿನ ಬಹುಭಾಗ ಹಾಗೆಯೇ ಮುಳುಗಿತು. ವಿದ್ಯುದಾಗಾರದ ಮೊದಲ ಯಂತ್ರವನ್ನು, ಕಟ್ಟಡಕ್ಕೆ ಪೂರ್ತಿ ಛಾವಣಿಯೂ ಇಲ್ಲದಿದ್ದ ಸ್ಥಿತಿಯಲ್ಲಿ, 1941ರ ನವೆಂಬರ್ 18ರಂದು ಚಾಲನೆಗೊಳಿಸಿದರು. ಕಲ್ಲಿದ್ದಲಿನ ದಾರಿಗಳು ಕಡಿದುಹೋಗಿದ್ದ ಆ ಚಳಿಗಾಲದಲ್ಲಿ ಮಾಸ್ಕೋಗೆ ಇಲ್ಲಿನ ವಿದ್ಯುತ್ತು ಬಹಳ ದೊಡ್ಡ ಆಸರೆಯಾಯಿತು. ಇದು ನಿಜ, ಮತ್ತು ಇದನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಆದರೆ 1935ರಲ್ಲಿ ನಿರ್ಣಯ ಮಾಡಿದವರ ಮುಂದೆ ಆ ಚಳಿಗಾಲವಿರಲಿಲ್ಲ. ಮುಂದೆ ಒದಗಿದ ಉಪಯೋಗವನ್ನು ಹಿಂದಿನ ನಿರ್ಣಯಕ್ಕೆ ಸಮರ್ಥನೆಯಾಗಿ ಬಳಸುವುದನ್ನು ನಾನು ಒಪ್ಪುವುದಿಲ್ಲ. ಜಲಾಶಯ ಪೂರ್ಣಮಟ್ಟ ಮುಟ್ಟಿದ್ದು 1947ರಲ್ಲಿ. ಆಗ ಅದರ ವಿಸ್ತೀರ್ಣ ಸುಮಾರು 4,580 ಚದರ ಕಿಲೋಮೀಟರ್.

294 ಮಂದಿಯ ಮಾತಿಗೆ ಈಗ ಬರುತ್ತೇನೆ. ಮನೆಮಠ ಬಿಡಲೊಪ್ಪದ 294 ಜನರು ಸ್ವಇಚ್ಛೆಯಿಂದ ಪ್ರಾಣ ಬಿಟ್ಟರು, ಅವರಲ್ಲಿ ಕೆಲವರು ತಮ್ಮನ್ನು ಸರಪಳಿಯಿಂದ ಬಂಧಿಸಿಕೊಂಡಿದ್ದರು ಎಂದು ಹೇಳುವ, ಶಿಬಿರದ ಅಧಿಕಾರಿಯೊಬ್ಬನದೆನ್ನಲಾದ ವರದಿಯ ಪಠ್ಯವೊಂದು ಸೋವಿಯತ್ ಆಡಳಿತದ ಕೊನೆಗಾಲದ ನಂತರ ಪತ್ರಿಕೆಗಳಲ್ಲಿ ಹರಡಿತು. ಅದರ ಅಧಿಕೃತತೆಯನ್ನು ಆ ಸೀಮೆಯ ಚರಿತ್ರೆಯನ್ನು ಬಲ್ಲ ಸಂಶೋಧಕರು ಗಂಭೀರವಾಗಿ ಶಂಕಿಸಿದ್ದಾರೆ. ನನಗೂ ಅದರಲ್ಲಿ ನಂಬಿಕೆಯಿಲ್ಲ, ಕಾರಣ ಸರಳ: ಮನೆಗಳನ್ನು ಬಿಚ್ಚುವ, ಚರ್ಚುಗಳನ್ನು ಸ್ಫೋಟಿಸುವ, ಉಳಿದುದನ್ನು ಸುಟ್ಟು ನೆಲಸಮ ಮಾಡುವ ಕೆಲಸ ನಾಲ್ಕು ವರ್ಷಗಳಿಂದ ನಡೆದಿತ್ತು, ಮತ್ತು ನೀರು ಒಮ್ಮೆಲೇ ನುಗ್ಗಿ ಬರದೆ ಆ ವಿಶಾಲ ಬಯಲಿನಲ್ಲಿ ನಿಧಾನವಾಗಿ ಏರಿತು. ಹೊರಡಲು ಹಟದಿಂದ ನಿರಾಕರಿಸಿದವರು, ಬಲವಂತವಾಗಿ ಸಾಗಿಸಲ್ಪಟ್ಟವರು, ಎತ್ತಂಗಡಿಯ ದುಃಖದಲ್ಲಿ ಬೇಗನೆ ತೀರಿಕೊಂಡವರು ಇರಲೇಬೇಕು. ಅವರ ಸಂಕಟಕ್ಕೆ ಸಾಕ್ಷಿಯಾಗಿ ಕಟ್ಟುಕಥೆಯೊಂದನ್ನು ನಿಲ್ಲಿಸಬೇಕಾದ ಅಗತ್ಯವಿಲ್ಲ. ದಿಮ್ಮಿಗಳ ಮೇಲೆ ಅಂಕಿ ಬರೆದು ತಮ್ಮ ಮನೆಯನ್ನು ತಾವೇ ಬಿಚ್ಚಿದ ಸಾವಿರಾರು ಕುಟುಂಬಗಳ ಸಂಗತಿ ನಿರ್ವಿವಾದವಾದದ್ದು.

ಉಳಿದಿರುವುದು ತಾವು ಎಣಿಸಿದ್ದಕ್ಕಿಂತ ಹೆಚ್ಚು. ಮೊಲೊಗಾ ಉಯೆಜ್ದ್ ಪೂರ್ತಿಯಾಗಿ ಮುಳುಗಲಿಲ್ಲ. ಅದರ ಪಶ್ಚಿಮ ಮತ್ತು ದಕ್ಷಿಣದ ಎತ್ತರದ ಭಾಗಗಳು ಇಂದಿನ ಬ್ರೇಯ್ತೊವೊ ಮತ್ತು ನೆಕೊವುಜ್ ರಾಯೋನ್‌ಗಳಲ್ಲಿ ಒಣನೆಲವಾಗಿಯೇ ಇವೆ. ನೆಕೊವುಜ್‌ಗೆ ಸೇರಿದ ಬೊರೋಕ್ ಎಂಬ ಊರಿನಲ್ಲಿ 1854ರಲ್ಲಿ ಜಮೀನ್ದಾರ ತಂದೆಗೂ ಜೀತದ ಮನೆತನದ ತಾಯಿಗೂ ಹುಟ್ಟಿದ ನಿಕೊಲಾಯ್ ಮೊರೊಜೊವ್ ತ್ಸಾರ್ ವಿರೋಧಿ ಕ್ರಾಂತಿಕಾರಿಯಾಗಿ ಎರಡು ದಶಕಗಳಿಗೂ ಮಿಕ್ಕ ಕಾಲ ಕೋಟೆಯ ಸೆರೆಯಲ್ಲಿದ್ದು, 1905ರಲ್ಲಿ ಬಿಡುಗಡೆಯಾಗಿ, ವಿಜ್ಞಾನಿಯೆಂದು ಮನ್ನಣೆ ಪಡೆದನು. ಸೋವಿಯತ್ ಸರ್ಕಾರ ಅವನ ಎಸ್ಟೇಟನ್ನು ಅವನಿಗೇ ಬಿಟ್ಟುಕೊಟ್ಟಿತ್ತು; ಅವನು ಅಲ್ಲಿಯೇ 1946ರಲ್ಲಿ ತೀರಿಕೊಂಡನು. ಇಂದು ಅದೇ ಬೊರೋಕ್‌ನಲ್ಲಿ ರಷ್ಯಾದ ವಿಜ್ಞಾನ ಅಕಾಡೆಮಿಯ ಒಳನಾಡು ಜಲಜೀವಿ ಸಂಸ್ಥೆಯಿದ್ದು, ತನ್ನ ಪಕ್ಕದ ಜಲಾಶಯದ ಮೀನು, ಪಾಚಿ, ನೀರಿನ ಗುಣಗಳನ್ನು ದಶಕಗಳಿಂದ ಅಧ್ಯಯನ ಮಾಡುತ್ತಿದೆ. ವಾಯವ್ಯದ ಪರ್ಯಾಯ ದ್ವೀಪದಲ್ಲಿ, ಇಷ್ಟು ದೊಡ್ಡ ಕೃತಕ ಸರೋವರ ಸುತ್ತಲಿನ ನಿಸರ್ಗವನ್ನು ಹೇಗೆ ಬದಲಿಸುತ್ತದೆಂದು ನೋಡುವುದಕ್ಕಾಗಿಯೇ 1945ರಲ್ಲಿ ಡಾರ್ವಿನ್ ಹೆಸರಿನ ಅಭಯಾರಣ್ಯವನ್ನು ಸ್ಥಾಪಿಸಲಾಯಿತು. ತಳದಿಂದ ಕಿತ್ತು ಮೇಲೆದ್ದ ಪೀಟ್ ಮಣ್ಣಿನ ತೇಲುವ ದಿಬ್ಬಗಳು ಅಲ್ಲಿನ ವಿಶೇಷ. ಮಳೆ ಕಡಿಮೆಯಾದ ವರ್ಷಗಳಲ್ಲಿ, ಉದಾಹರಣೆಗೆ 2014ರಲ್ಲಿ, ನೀರು ಇಳಿದು ಮೊಲೊಗಾದ ಬೀದಿಗಳ ಕಲ್ಲುಹಾಸು, ಅಡಿಪಾಯಗಳು, ಇಟ್ಟಿಗೆಗಳು ಹೊರಗೆ ಕಾಣಿಸಿಕೊಂಡಿವೆ. ರಿಬಿನ್ಸ್ಕ್‌ನಲ್ಲಿ 1995ರಿಂದ ಮೊಲೊಗಾ ಸೀಮೆಯ ವಸ್ತುಸಂಗ್ರಹಾಲಯವಿದೆ, ಹಾಗೂ ಎತ್ತಂಗಡಿಯಾದವರೂ ಅವರ ಸಂತತಿಯವರೂ ಪ್ರತಿವರ್ಷ ಆಗಸ್ಟಿನಲ್ಲಿ ಒಂದೆಡೆ ಸೇರುತ್ತಾರೆ.

ತಾವು ಈ ವಿಷಯದಲ್ಲಿ ಮುಂದುವರಿಯುವುದಾದರೆ ಒಂದು ಸಲಹೆಯಿದೆ. ಮುಳುಗಿದ ಹಳ್ಳಿಯೊಂದನ್ನು ಹುಡುಕುವಾಗ ಅದರ ಹೆಸರೊಂದನ್ನೇ ಹಿಡಿದುಕೊಂಡರೆ ದಾರಿ ತಪ್ಪುತ್ತದೆ, ಏಕೆಂದರೆ ಒಂದೇ ಹೆಸರಿನ ಹಳ್ಳಿಗಳು ಆ ಪ್ರಾಂತ್ಯದಲ್ಲಿ ಹಲವಿದ್ದವು. ಗುಬೆರ್ನಿಯಾ, ಉಯೆಜ್ದ್, ವೊಲೊಸ್ತ್ ಮೂರನ್ನೂ ಮೊದಲು ಗೊತ್ತುಮಾಡಿಕೊಳ್ಳಬೇಕು. ಜೊತೆಗೆ ಹಳ್ಳಿ ಯಾವ ಚರ್ಚಿನ ವ್ಯಾಪ್ತಿಗೆ ಸೇರಿತ್ತೆಂಬುದೂ ತಿಳಿಯಬೇಕು: ಹುಟ್ಟು, ಮದುವೆ, ಸಾವುಗಳನ್ನು ಬರೆದಿಡುತ್ತಿದ್ದದ್ದು ಚರ್ಚಿನ ಪುಸ್ತಕಗಳಲ್ಲಿ, ಮತ್ತು ಚರ್ಚಿನ ಗಡಿಗೂ ವೊಲೊಸ್ತಿನ ಗಡಿಗೂ ತಾಳೆಯಿರಲಿಲ್ಲ. 1858ರವರೆಗಿನ ಕಾಲಕ್ಕೆ ತೆರಿಗೆಗಾಗಿ ಮಾಡಿದ ಹತ್ತು ತಲೆಯೆಣಿಕೆಗಳ ಪಟ್ಟಿಗಳು ಮನೆಮನೆಯ ವಿವರ ಕೊಡುತ್ತವೆ. ಇಂಥ ದಾಖಲೆಗಳನ್ನು ಯಾರೊಸ್ಲಾವ್ಲ್ ಪ್ರಾಂತ್ಯದ ಸರ್ಕಾರಿ ಪತ್ರಾಗಾರದಲ್ಲಿಯೂ ಅದರ ರಿಬಿನ್ಸ್ಕ್ ಶಾಖೆಯಲ್ಲಿಯೂ ಅರಸಬೇಕು; ಅವನ್ನು ಇಂದಿಗೂ ವಿಂಗಡಿಸಿ ಇಟ್ಟಿರುವುದು ಹಳೆಯ ಉಯೆಜ್ದ್ ಮತ್ತು ವೊಲೊಸ್ತ್‌ಗಳ ಸಂಸ್ಥೆಗಳ ಹೆಸರಿನಲ್ಲಿಯೇ.